ಕೊಲೋಸಿಯಂ ಪಕ್ಕದಲ್ಲೇ ದಿನಾ ಓಡಾಟ, ಒಳಗೆ ಮಾತ್ರ ಕಾಲಿಟ್ಟಿಲ್ಲ. ಈಗ ಅಪ್ಪ ಅಮ್ಮ ಬರ್ತಿದ್ದಾರೆ!

ಟ್ರಾಮ್ ಮೂರು

ರೋಮಿಗೆ ಬಂದು ಎರಡು ವರ್ಷ ನಾಲ್ಕು ತಿಂಗಳಾಯ್ತು. ಮನೆ ಪೋರ್ತಾ ಮಜ್ಜೋರೆ ಹತ್ತಿರ, ಕೆಲಸ ಪಿರಾಮಿದೆ ಕಡೆ. ಬೆಳಿಗ್ಗೆ 3ನೇ ನಂಬರ್ ಟ್ರಾಮ್, ಸಂಜೆ ಅದೇ ಟ್ರಾಮ್. ಮಧ್ಯದಲ್ಲಿ ಕೊಲೋಸಿಯಂ, ಹಳೇ ರೋಮನ್ನರ ಕಾಳಗದ ಅಖಾಡ, ಬರತ್ತೆ. ಮೊದಲ ವಾರ ಕಿಟಕಿಗೆ ಮೂಗು ಒತ್ತಿಕೊಂಡು ನೋಡಿದ್ದೆ. ಈಗ ಅದು ನನ್ನ ಪಾಲಿಗೆ ಬರೀ ಒಂದು ಸ್ಟಾಪು. ಸೆಲ್ಫಿ ಕೋಲು ಹಿಡಿದವರು ಹತ್ತಿ ಬಾಗಿಲಲ್ಲೇ ನಿಂತುಬಿಡೋ ಸ್ಟಾಪು.

ಮೊದಲ ವರ್ಷವೆಲ್ಲ ಪೆರ್ಮೆಸ್ಸೊ (ವಾಸದ ಪರವಾನಗಿ), ಕೋದಿಚೆ ಫಿಸ್ಕಾಲೆ (ತೆರಿಗೆ ನಂಬರ್), ಬಾಡಿಗೆ ಕರಾರು ಅಂತಲೇ ಕಳೀತು. ಎರಡನೇ ವರ್ಷ ‘ಇಲ್ಲೇ ಇದೆಯಲ್ಲ, ಯಾವಾಗ ಬೇಕಾದ್ರೂ ಹೋಗಬಹುದು’ ಅಂದುಕೊಂಡೇ ಕಳೀತು.

ಅಕ್ಟೋಬರಿನಲ್ಲಿ ಅಪ್ಪ ಅಮ್ಮ ಬರ್ತಿದ್ದಾರೆ, 12 ದಿನಕ್ಕೆ. ಅಪ್ಪ ರಿಟೈರ್ ಆದ ಮೇಲೆ ಓದೋದೇ ಕೆಲಸ. ನೋಡಬೇಕಾದ ಜಾಗಗಳ ಎರಡು ಪುಟದ ಪಟ್ಟಿ ಕೈಬರಹದಲ್ಲಿ ಬರೆದು ಫೋಟೋ ಕಳಿಸಿದ್ದಾರೆ. ಅಮ್ಮನಿಗೆ ಮಂಡಿನೋವು. ಮೊನ್ನೆ ಫೋನಲ್ಲಿ ಅಮ್ಮ ಕೇಳಿದ್ರು: ‘ನೀನಂತೂ ಎಲ್ಲಾ ನೋಡಿರ್ತೀಯಲ್ಲ, ಕೊಲೋಸಿಯಂ ಒಳಗೆ ಹೇಗಿದೆ?’ ‘ಚೆನ್ನಾಗಿದೆ’ ಅಂದುಬಿಟ್ಟೆ.

ಎಲ್ಲಿಂದ ಶುರು ಮಾಡಲಿ? ಇಲ್ಲೇ ಇರೋರು ಹೇಳಿ. ಟೂರ್ ಪುಸ್ತಕ ನನ್ನ ಹತ್ತಿರವೂ ಇದೆ.

ಬೂದಿಬೆಕ್ಕು

ನಾಚಿಕೆ ಪಟ್ಕೋಬೇಡಿ. ನಾನು ಆರು ವರ್ಷದಿಂದ ಇದ್ದೀನಿ, ಕೊಲೋಸಿಯಂ ಒಳಗೆ ಹೋಗಿದ್ದು ಒಂದೇ ಸಲ, ಅದೂ ಆಫೀಸಿಗೆ ಬಂದ ಅತಿಥಿಯನ್ನ ಕರ್ಕೊಂಡು. ಕಲ್ಲು ಎಲ್ಲೂ ಓಡಿಹೋಗಲ್ಲ, ಬಾಡಿಗೆ ದಿನ ಮಾತ್ರ ತಪ್ಪದೆ ಬರತ್ತೆ.

ಒಂದೇ ಒಂದು ಕಿವಿಮಾತು. 2023ರ ಅಕ್ಟೋಬರಿನಿಂದ ಕೊಲೋಸಿಯಂ ಟಿಕೆಟ್ ಮೇಲೆ ನೋಡುವವರ ಹೆಸರೇ ಇರಬೇಕು, ಬಾಗಿಲಲ್ಲಿ ಗುರುತಿನ ಚೀಟಿ ಜೊತೆ ತಾಳೆ ನೋಡ್ತಾರೆ. ನಮ್ಮವರ ಇನಿಶಿಯಲ್ ಕಥೆ ಗೊತ್ತಲ್ಲ. ಪಾಸ್‌ಪೋರ್ಟಲ್ಲಿ ಊರ ಹೆಸರು, ಅಪ್ಪನ ಹೆಸರು ಎಲ್ಲಾ ಬಿಡಿಸಿ ಬರೆದಿರತ್ತೆ, ನಾವು ಟಿಕೆಟಲ್ಲಿ ಎರಡಕ್ಷರ ಹಾಕಿ ಮುಗಿಸ್ತೀವಿ. ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ತುಂಬಿ. ನಾನು ಕರ್ಕೊಂಡು ಹೋದ ಅತಿಥಿ ಇದೇ ವಿಷಯಕ್ಕೆ ಗೇಟಲ್ಲಿ ಇಪ್ಪತ್ತು ನಿಮಿಷ ನಿಂತ್ರು.

ಟೆಸ್ಟಾಚ್ಚೊ ಅಕ್ಕ

ಮಗಾ, ಕೊಲೋಸಿಯಂನಿಂದ ಶುರು ಮಾಡಬೇಡ. ನಿನ್ನ ಟ್ರಾಮಿನಿಂದಲೇ ಶುರು ಮಾಡು.

ನೀನು ಹತ್ತೋ ಪೋರ್ತಾ ಮಜ್ಜೋರೆ ಇದೆಯಲ್ಲ, ಅದು ಮೂಲದಲ್ಲಿ ಊರಬಾಗಿಲಲ್ಲ. ಕ್ಲಾಡಿಯಸ್ ಚಕ್ರವರ್ತಿ ಕ್ರಿ.ಶ. 52ರಲ್ಲಿ ಮುಗಿಸಿದ ಎರಡು ಮೇಲ್ಗಾಲುವೆಗಳು ರಸ್ತೆ ದಾಟೋ ಜಾಗ ಅದು. ತಲೆ ಎತ್ತಿ ನೋಡಿದ್ರೆ ಒಂದರ ಮೇಲೊಂದು ನೀರಿನ ದಾರಿ ಕಾಣತ್ತೆ, ಕೆಳಗಿಂದು ಆಕ್ವಾ ಕ್ಲಾಡಿಯಾ, ಮೇಲಿಂದು ಆನಿಯೊ ನೋವುಸ್. ಆಮೇಲೆ ಊರಿಗೆ ಕೋಟೆ ಕಟ್ಟಿದಾಗ ಇದನ್ನೇ ಬಾಗಿಲು ಮಾಡ್ಕೊಂಡ್ರು. ಅದರ ಪಕ್ಕದಲ್ಲೇ, ಟ್ರಾಮ್ ಕಂಬಿಗಳ ನಡುವೆ, ದುಂಡು ದುಂಡು ತೂತಿನ ಒಂದು ಕಟ್ಟಡ ಇದೆ. ಎರಡು ವರ್ಷದಲ್ಲಿ ಅದೇನು ಅಂತ ಯಾರನ್ನಾದ್ರೂ ಕೇಳಿದ್ದೀಯಾ? ರೊಟ್ಟಿ ಸುಡೋನ ಸಮಾಧಿ! ಎವ್ರಿಸಾಚೆಸ್ ಅಂತ ಹೆಸರು, ಕ್ರಿ.ಪೂ. 1ನೇ ಶತಮಾನದವನು, ಸರ್ಕಾರಕ್ಕೆ ರೊಟ್ಟಿ ಪೂರೈಸೋ ಗುತ್ತಿಗೆ ಇವನದು. ಮೇಲ್ಗಡೆ ಪಟ್ಟಿಯಲ್ಲಿ ಹಿಟ್ಟು ಬೀಸೋದು, ಜರಡಿ ಹಿಡಿಯೋದು, ನಾದೋದು, ಒಲೆಗೆ ಹಾಕೋದು, ಕೊನೆಗೆ ತೂಕ ಮಾಡೋದು, ಎಲ್ಲಾ ಕೆತ್ತಿಸಿಕೊಂಡಿದ್ದಾನೆ. ರಾಜರ ಸಮಾಧಿಗಿಂತ ನನಗೆ ಇದೇ ಇಷ್ಟ. ಹೊಟ್ಟೆಪಾಡಿನ ಕಸುಬನ್ನ ಹೆಮ್ಮೆಯಿಂದ ನೆತ್ತಿ ಮೇಲೆ ಬರೆಸಿಕೊಂಡ ಮನುಷ್ಯ.

ಅಮ್ಮನನ್ನ ಕಿಟಕಿ ಪಕ್ಕ ಕೂರಿಸು. ಮಂಡಿಗೆ ಏನೂ ಆಗಲ್ಲ. ಸಾನ್ ಜೊವಾನ್ನಿ, ಕೊಲೋಸಿಯಂ, ರಥ ಓಡಿಸ್ತಿದ್ದ ಮೈದಾನ ಚಿರ್ಕೊ ಮಾಸ್ಸಿಮೊ, ಕೊನೆಗೆ ಚೆಸ್ತಿಯುಸ್ ಅನ್ನೋನ ಸಮಾಧಿ ಪಿರಮಿಡ್. 36 ಮೀಟರ್ ಎತ್ತರದ್ದು, 330 ದಿನದಲ್ಲಿ ಕಟ್ಟಿ ಮುಗಿಸಿದ್ರು ಅಂತ ಅದರ ಮೇಲೇ ಬರೆದಿದೆ. ಇದೆಲ್ಲ 1.50 ಯೂರೋ ಟಿಕೆಟಿಗೆ.

ಚಿರ್ಕೊ ಮಾಸ್ಸಿಮೊ ಎದುರಿಗೇ ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಸಂಸ್ಥೆ) ಕಟ್ಟಡ. ನಮ್ಮನೆಯವರು ಅಲ್ಲಿ ಕೆಲಸಕ್ಕೆ ಸೇರಿದಾಗ ಅದರ ಮುಂದೆ ಇಥಿಯೋಪಿಯಾದ ಆಕ್ಸುಮ್ ಊರಿನ ಹಳೇ ಕಲ್ಲುಕಂಬ ನಿಂತಿತ್ತು, 1937ರಲ್ಲಿ ಮುಸೊಲಿನಿ ಕಾಲದಲ್ಲಿ ತಂದಿದ್ದು. 2003ರಲ್ಲಿ ಅದನ್ನ ಬಿಚ್ಚೋದನ್ನ ಕಣ್ಣಾರೆ ನೋಡಿದ್ದೀನಿ. 2005ರಲ್ಲಿ ವಿಮಾನದಲ್ಲಿ ಮೂರು ತುಂಡಾಗಿ ವಾಪಸ್ ಹೋಯ್ತು. ಈಗಲೂ ಆ ಜಾಗ ದಾಟುವಾಗ ಕಣ್ಣು ಕಂಬ ಹುಡುಕತ್ತೆ.

ಕಲ್ಲುಮಣ್ಣು

ಅಕ್ಕ ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೀನಿ (ಇಲ್ಲಿ ಪುರಾತನ ಕಟ್ಟಡಗಳ ಸಂರಕ್ಷಣೆ ಓದ್ತಿದ್ದೀನಿ, ಬಾಯಿ ಮುಚ್ಕೊಂಡಿರೋಕೆ ಆಗಲ್ಲ). ಆ ಸಮಾಧಿಯ ತೂತುಗಳು ಹಿಟ್ಟು ನಾದೋ ಪಾತ್ರೆಗಳ ರೂಪ ಅನ್ನೋದು ಹೆಚ್ಚಿನವರ ಊಹೆ, ಆದರೆ ಒಮ್ಮತ ಇಲ್ಲ. ಇನ್ನೊಂದು ಮಜಾ ಏನಂದ್ರೆ ಸುಮಾರು 1400 ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೋಟೆಬಾಗಿಲಿನ ಬುರುಜು ಅದನ್ನ ಹೊಟ್ಟೆಯೊಳಗೆ ಹಾಕ್ಕೊಂಡಿತ್ತು, 1838ರಲ್ಲಿ ಬುರುಜು ಕೆಡವಿದಾಗ ಹೊರಗೆ ಬಂತು.

ತೂತು ಅಂದಾಗ ನೆನಪಾಯ್ತು. ಕೊಲೋಸಿಯಂ ಗೋಡೆ ತುಂಬಾ ತೂತುಗಳಿವೆ, ನಿಮ್ಮಪ್ಪ ಖಂಡಿತ ಕೇಳ್ತಾರೆ. ಗುಂಡೇಟು ಅನ್ನೋರೂ ಇದ್ದಾರೆ, ಅಲ್ಲ. ಟ್ರಾವರ್ಟಿನ್ ಕಲ್ಲುಗಳನ್ನ ಗಾರೆ ಹಾಕಿ ಕೂರಿಸಿರಲಿಲ್ಲ, ಕಬ್ಬಿಣದ ಕೊಂಡಿ ಹಾಕಿ ಬಿಗಿದಿದ್ರು. ಮಧ್ಯಯುಗದಲ್ಲಿ ಕಬ್ಬಿಣಕ್ಕೆ ಬೆಲೆ ಬಂದು, ಒಂದೊಂದು ಕೊಂಡಿಯನ್ನೂ ಕೊರೆದು ಕಿತ್ತುಕೊಂಡ್ರು. 1349ರ ಭೂಕಂಪದಲ್ಲಿ ದಕ್ಷಿಣದ ಹೊರಗೋಡೆ ಬಿತ್ತು, ಬಿದ್ದ ಕಲ್ಲು ಊರಿನ ಬೇರೆ ಕಟ್ಟಡಗಳಿಗೆ ಹೋಯ್ತು. ಅಂದ್ರೆ ಕೊಲೋಸಿಯಂನ ಒಂದು ಭಾಗ ಊರ ತುಂಬಾ ಹರಡಿದೆ.

ಮಂಡಿನೋವಿಗೆ ನನ್ನ ಸಲಹೆ ಸಾನ್ ಜೊವಾನ್ನಿ ಮೆಟ್ರೋ ಸ್ಟೇಷನ್. ತಮಾಷೆ ಅಲ್ಲ. 2018ರಲ್ಲಿ ತೆರೆದ ಸಿ ಲೈನ್ ಸ್ಟೇಷನ್. ಎಸ್ಕಲೇಟರಿನಲ್ಲಿ ಇಳೀತಾ ಹೋದ ಹಾಗೆ ಈಗ ಯಾವ ಶತಮಾನದ ನೆಲದ ಮಟ್ಟದಲ್ಲಿದ್ದೀವಿ ಅಂತ ಗೋಡೆ ಮೇಲೇ ಬರೆದಿದೆ. ಅಗೆದಾಗ ಸಿಕ್ಕ ವಸ್ತುಗಳು ಗಾಜಿನ ಪೆಟ್ಟಿಗೆಯಲ್ಲಿವೆ. ಅಲ್ಲೊಂದು ತೋಟದ ದೊಡ್ಡ ನೀರಿನ ತೊಟ್ಟಿ ಇತ್ತಂತೆ, ಯಾರೋ ತಿಂದು ಬಿಸಾಕಿದ ಪೀಚ್ ಹಣ್ಣಿನ ಓಟೆ ಕೂಡ ಜೋಪಾನ ಮಾಡಿದ್ದಾರೆ. ಫೋರಮ್ (ಹಳೇ ರೋಮಿನ ನಡುಚೌಕ) ಯಾಕೆ ರಸ್ತೆಗಿಂತ ಅಷ್ಟು ಕೆಳಗಿದೆ ಅಂತ ನಾನು ಗಂಟೆಗಟ್ಟಲೆ ವಿವರಿಸಿದ್ರೂ ಅರ್ಥ ಆಗದ್ದು ಆ ಎಸ್ಕಲೇಟರಿನಲ್ಲಿ ಎರಡು ನಿಮಿಷಕ್ಕೆ ಅರ್ಥ ಆಗತ್ತೆ: ನೆರೆ ತಂದ ಹೂಳು, ಬಿದ್ದ ಮನೆಗಳ ಮಣ್ಣು, ಅದರ ಮೇಲೆ ಮತ್ತೆ ಮನೆ.

ಉದ್ದಗೋಡೆ

ಟ್ರಾಮ್ ಸಾಹೇಬ್ರ, ಒಂದು ಮಾತು ಕೇಳ್ರಿ. ತಿಂಗಳ ಮೊದಲನೇ ಭಾನುವಾರ ಸರ್ಕಾರಿ ಮ್ಯೂಸಿಯಂ ಎಲ್ಲಾ ಪುಕ್ಕಟೆ, ಕೊಲೋಸಿಯಂ ಸುದ್ದಾ. ಪುಕ್ಕಟೆ ಅಂತ ತಂದಿ ತಾಯಿನ್ನ ಅವತ್ತು ಕರ್ಕೊಂಡು ಹೋಗಬ್ಯಾಡ್ರಿ! ನಾನು ಹೋಗಿದ್ದೆ, ಅತ್ತೆಯವರ ಜೋಡಿ. ಬಿಸಲಾಗ ಎರಡು ತಾಸು ಪಾಳಿ. ಅತ್ತೆ ಏನೂ ಅನ್ನಲಿಲ್ಲ, ಅದ ನನಗ ಭಾಳ ಹೆದರಿಕಿ ಆತು. 18 ಯೂರೋ ಕೊಟ್ಟು ಹೊತ್ತು ಗೊತ್ತು ಮಾಡ್ಕೊಂಡು ಹೋಗ್ರಿ. ಅದ ಟಿಕೆಟ್ನ್ಯಾಗ ಫೋರಮ್ಮು, ಪಾಲಟೈನ್ ಗುಡ್ಡಾನೂ ಬರ್ತಾವ, 24 ತಾಸು ನಡೀತದ. ಒಳಗ ಲಿಫ್ಟ್ ಅದ, ತಾಯಿಯವರ ಮೊಣಕಾಲು ನೋವು ಅಂತ ಮೊದಲ ಹೇಳಿಬಿಡ್ರಿ.

ಫೋರಮ್ ಒಳಗ ಮಾತ್ರ ತ್ರಾಸ ಅದ. ವಿಯಾ ಸಾಕ್ರಾ ಅನ್ನೋ ಹಳೇ ಬೀದಿ ಕಲ್ಲು ನುಣುಪು, ಮ್ಯಾಲ ಏರುಪೇರು. ನಮ್ಮ ಅತ್ತೆಗೆ ನಾನು ಮ್ಯಾಲಿಂದನ ತೋರಿಸಿದೆ. ಕಾಂಪಿದೊಲ್ಯೊ ಚೌಕದಾಗ ನಡುವಿನ ಅರಮನಿ ಅದಲ್ಲ, ಅದರ ಎರಡೂ ಬಾಜೂಕ ಹಿಂದ ಹೋದ್ರ ಇಡೀ ಫೋರಮ್ ಕಾಲಬುಡಕ ಕಾಣ್ತದ. ರೊಕ್ಕ ಇಲ್ಲ, ಪಾಳಿ ಇಲ್ಲ. ಸಂಜಿ ಹೊತ್ತು ಬಿಸಲು ಕಂಬದ ಮ್ಯಾಲ ಬಿದ್ದಾಗ ಹೋಗ್ರಿ. ಟ್ಯಾಕ್ಸಿ ಗುಡ್ಡದ ಮ್ಯಾಲಿನತನಕ ಬರ್ತದೋ ಇಲ್ಲೋ ಮೊದಲ ಕೇಳ್ಕೋರಿ, ಇಲ್ಲಂದ್ರ ಆ ಏರು ಮತ್ತ ಮೊಣಕಾಲಿಗೇ.

ಟ್ರಾಮ್ ಮೂರು

ಅಕ್ಕ, ಇವತ್ತು ಸಂಜೆ ಇಳಿದು ನೋಡಿದೆ. ಬೇಲಿ ಇದೆ, ಆದ್ರೂ ಮೇಲಿನ ಪಟ್ಟಿ ಕಾಣತ್ತೆ. ತಕ್ಕಡಿ ಕಂಡುಹಿಡಿದೆ, ಜರಡಿ ಸಿಗಲಿಲ್ಲ. ಹಿಂದೆ ಟ್ರಾಮಿನವನು ಗಂಟೆ ಹೊಡೆದ, ನಾನು ಕಂಬಿ ಮೇಲೇ ನಿಂತಿದ್ದೆ.

ಕಾಗದಪತ್ರದ ಪ್ರಶ್ನೆ ಒಂದಿದೆ. ವೀಸಾ ಆಯ್ತು, ಇನ್ಶೂರೆನ್ಸ್ ಆಯ್ತು. ಮನೆಗೆ ಬಂದ ಮೇಲೆ ಪೊಲೀಸರಿಗೆ ತಿಳಿಸಬೇಕು ಅಂತ ಯಾರೋ ಅಂದ್ರು. ಸ್ವಂತ ಅಪ್ಪ ಅಮ್ಮನಿಗೂ ಬೇಕಾ?

ಟೆಸ್ಟಾಚ್ಚೊ ಅಕ್ಕ

ಬೇಕು. ಯುರೋಪಿಯನ್ ಯೂನಿಯನ್ ಹೊರಗಿನವರನ್ನ ಮನೇಲಿ ಇಟ್ಟುಕೊಂಡ್ರೆ 48 ಗಂಟೆಯೊಳಗೆ ಬರೆದು ತಿಳಿಸಬೇಕು, ರಕ್ತಸಂಬಂಧಿಗಳಾದ್ರೂ ಸರಿ. ‘ಕೊಮುನಿಕಾತ್ಸಿಯೋನೆ ದಿ ಓಸ್ಪಿತಾಲಿತಾ’ ಅಂತಾರೆ. ಪಾಸ್‌ಪೋರ್ಟ್ ಪ್ರತಿ, ನಿನ್ನ ಗುರುತಿನ ಚೀಟಿ, ಬಾಡಿಗೆ ಕರಾರು ಈಗಲೇ ಒಂದು ಫೈಲಿಗೆ ಹಾಕಿಡು. ಅವರು ಬಂದಿಳಿಯೋದು ಶುಕ್ರವಾರ ಆದ್ರೆ ಶನಿವಾರ ಭಾನುವಾರದ ಲೆಕ್ಕ ನೋಡ್ಕೋ, ಅಲ್ಲೇ ಎಲ್ಲರೂ ಸಿಕ್ಕಿಹಾಕ್ಕೊಳ್ಳೋದು.

ನಿನಗೆ ಮಿಕ್ ಕಾರ್ಡ್ ಇದೆಯಾ? ನಾನು ಮಾಡಿಸಿದಾಗ ರೋಮಿನಲ್ಲಿ ವಾಸ ಇರೋರಿಗೆ, ಓದೋರಿಗೆ ವರ್ಷಕ್ಕೆ 5 ಯೂರೋಗೆ ಕೊಡ್ತಿದ್ರು. ನಗರಸಭೆಯ ಮ್ಯೂಸಿಯಂಗಳಿಗೆ ಎಷ್ಟು ಸಲ ಬೇಕಾದ್ರೂ ಹೋಗಬಹುದು. ನಾನು ಇಡೀ ಮ್ಯೂಸಿಯಂ ಒಟ್ಟಿಗೆ ನೋಡೋದನ್ನ ಬಿಟ್ಟು ವರ್ಷಗಳಾದವು. ಮಾರ್ಕೆಟ್ಟಿಗೆ ಹೋಗಿಬರೋವಾಗ ಅರ್ಧ ಗಂಟೆ ಮೊಂತೆಮಾರ್ತಿನಿ ಮ್ಯೂಸಿಯಂಗೆ ನುಗ್ತೀನಿ. 1912ರ ಹಳೇ ವಿದ್ಯುತ್ ಕೇಂದ್ರ ಅದು. ಆನೆ ಗಾತ್ರದ ಡೀಸೆಲ್ ಇಂಜಿನ್ನಿನ ಪಕ್ಕ ಬಿಳೀ ಅಮೃತಶಿಲೆಯ ದೇವಿ ನಿಂತಿರ್ತಾಳೆ. ಒಂದು ವಿಗ್ರಹ ನೋಡ್ತೀನಿ, ಬೆಂಚಿನ ಮೇಲೆ ಕೂತು ಸೊಪ್ಪಿನ ಚೀಲ ಸರಿ ಮಾಡ್ಕೊಂಡು ಮನೆಗೆ ಬರ್ತೀನಿ. ಟಿಕೆಟ್ ಕೊಟ್ಟು ಬಂದೋರಿಗೆ ಇದು ಆಗಲ್ಲ, ಕೊಟ್ಟ ದುಡ್ಡಿಗೆ ಎಲ್ಲಾ ನೋಡಿ ಮುಗಿಸೋ ಆತುರ.

ಬೂದಿಬೆಕ್ಕು

ಅಕ್ಕಾ, ನಿಮಗೆ ಮಧ್ಯಾಹ್ನ ಬಿಡುವಿದೆ. ಎರಡು ಬಸ್ಸು ಬದಲಾಯಿಸಿ ರಾತ್ರಿ ಎಂಟಕ್ಕೆ ಮನೆ ಸೇರೋರಿಗೆ ದೇವಿ ಪಕ್ಕ ಸೊಪ್ಪು ಸರಿ ಮಾಡ್ಕೊಳ್ಳೋ ಭಾಗ್ಯ ಎಲ್ಲಿ?

ಟೆಸ್ಟಾಚ್ಚೊ ಅಕ್ಕ

ಸರಿಯಾದ ಮಾತು. ಹದಿನಾಲ್ಕು ವರ್ಷ ನಾನೂ ಆ ಬಸ್ಸಲ್ಲೇ ಇದ್ದೆ. ಆಗ ಬಸ್ ಕಾಯ್ತಿದ್ದಿದ್ದು ಲಾರ್ಗೊ ಅರ್ಜೆಂತೀನದಲ್ಲಿ. ಕೆಳಗೆ ಗುಂಡಿಯಲ್ಲಿ ನಾಲ್ಕು ದೇವಸ್ಥಾನ, ಅದರ ಮೆಟ್ಟಿಲ ಮೇಲೆ ಬಿಸಿಲು ಕಾಯೋ ಬೆಕ್ಕುಗಳು. ಅದೇ ಜಾಗದ ಅಂಚಿನಲ್ಲಿ ಸೀಸರ್‌ನ ಕೊಂದಿದ್ದು ಅಂತ ನನಗೆ ಗೊತ್ತಾಗಿದ್ದು ಐದನೇ ವರ್ಷದಲ್ಲಿ. ಅಲ್ಲೀವರೆಗೂ ನಾನು ಎಣಿಸಿದ್ದು ಬೆಕ್ಕುಗಳನ್ನೇ.

ಕಡಲಕರೆ

ಎಲ್ಲರೂ ಊರೊಳಗೇ ಸುತ್ತುವುದಾ ಮಾರಾಯ್ರೆ? ನಾನಿರುವುದು ಓಸ್ತಿಯಾದಲ್ಲಿ, ಸಮುದ್ರದ ಬದಿ. ಟ್ರಾಮಿನವರೇ, ನೀವು ದಿನಾ ಇಳಿಯುವ ಪಿರಾಮಿದೆಯಲ್ಲೇ ಪೋರ್ತಾ ಸಾನ್ ಪಾವ್ಲೊ ಸ್ಟೇಷನ್ ಉಂಟು. ಅದೇ 1.50ರ ಟಿಕೆಟ್, ಅರ್ಧ ಗಂಟೆ, ಓಸ್ತಿಯಾ ಅಂತಿಕಾ. ಸ್ಟೇಷನ್ನಿನಿಂದ ಮೇಲ್ಸೇತುವೆ ದಾಟಿ ಹತ್ತು ನಿಮಿಷ ನಡೆದರೆ ಇಡೀ ಒಂದು ಹಳೇ ರೋಮನ್ ಊರೇ ಉಂಟು. ಸೋಮವಾರ ಮಾತ್ರ ರಜೆ.

ಕೊಲೋಸಿಯಂ ನೋಡಿ ನನಗೆ ಎಂತ ಅನಿಸ್ಲಿಲ್ಲ, ನಿಜ ಹೇಳ್ತೇನೆ. ಅಲ್ಲಿ ಜನ ಸತ್ತದ್ದು. ಓಸ್ತಿಯಾದಲ್ಲಿ ಜನ ಬದುಕಿದ್ದು. ರೋಮಿಗೆ ಬರುವ ಧಾನ್ಯ, ಎಣ್ಣೆ ಎಲ್ಲ ಇಳೀತಿದ್ದ ಬಂದರು ಅದು. ನಮ್ಮ ಹಾಗೆ ಬೇರೆ ಊರಿಂದ ದುಡಿಯಲಿಕ್ಕೆ ಬಂದವರ ಊರು. ಥಿಯೇಟರಿನ ಹಿಂದೆ ಒಂದು ಚೌಕ ಉಂಟು, ಸುತ್ತ ಹಡಗು ವ್ಯಾಪಾರಿಗಳ ಸಣ್ಣ ಸಣ್ಣ ಆಫೀಸು. ಪ್ರತಿಯೊಂದರ ಮುಂದೆ ನೆಲದಲ್ಲಿ ಕಪ್ಪು ಬಿಳಿ ಕಲ್ಲಿನ ಚಿತ್ರ: ಹಡಗು, ದೀಪಸ್ತಂಭ, ಮೀನು. ಆಫ್ರಿಕಾದ ಸಾಬ್ರಾತಾದವರ ಆಫೀಸಿನ ಮುಂದೆ ಆನೆ! ಓದಲಿಕ್ಕೆ ಬಾರದವನಿಗೂ ಆನೆ ಇದ್ದಲ್ಲಿಗೆ ಹೋಗು ಅಂದರೆ ಸಾಕಲ್ಲ?

ಬಾಡಿಗೆ ಮನೆಗಳು ಉಂಟು, ಮೂರು ನಾಲ್ಕು ಮಾಳಿಗೆಯದ್ದು, ಕೆಳಗೆ ಅಂಗಡಿ ಮೇಲೆ ಬಿಡಾರ. ಹಿಟ್ಟಿನ ಗಿರಣಿಯ ಕಪ್ಪು ಬೀಸುಕಲ್ಲು ಸಾಲಾಗಿ ನಿಂತಿದೆ. ಸಾರ್ವಜನಿಕ ಪಾಯಿಖಾನೆಯೂ ಉಂಟು, ಉದ್ದಕ್ಕೆ ಅಮೃತಶಿಲೆಯ ಹಲಗೆ, ಅದರಲ್ಲಿ ತೂತು, ನಡುವೆ ಗೋಡೆ ಗೀಡೆ ಎಂತದ್ದೂ ಇಲ್ಲ. ಪರಸ್ಪರ ಮುಖ ನೋಡಿಕೊಂಡು ಊರ ಸುದ್ದಿ ಮಾತಾಡುವುದು. ನನ್ನ ಮಾವ ಇದರ ಎದುರು ನಿಂತು ಹದಿನೈದು ನಿಮಿಷ ನಗಾಡಿದ್ದಾರೆ, ರೋಮಿನಲ್ಲಿ ಅವರು ತೆಗೆದ ಫೋಟೋದಲ್ಲಿ ಜಾಸ್ತಿ ಇದೇ ಇರುವುದು.

ಸಮುದ್ರ ಈಗ ಅಲ್ಲಿಂದ ಸುಮಾರು 3 ಕಿಲೋಮೀಟರ್ ದೂರ. ನದಿ ಹೂಳು ತಂದು ತಂದು ಕಡಲನ್ನೇ ದೂಡಿತು. 1557ರ ನೆರೆಗೆ ನದಿಯೂ ದಾರಿ ಬದಲಿಸಿತು. ಬಂದರಿಗೆ ನೀರೇ ಇಲ್ಲ.

ಬುತ್ತಿ ಕಟ್ಟಿಕೊಂಡು ಹೋಗಿ, ಪೈನ್ ಮರದ ನೆರಳು ಬೇಕಾದಷ್ಟು ಉಂಟು. ಮುಖ್ಯ ಬೀದಿ ಒಂದು ಕಿಲೋಮೀಟರಿಗಿಂತ ಉದ್ದ, ಅಮ್ಮನಿಗೆ ಥಿಯೇಟರಿನವರೆಗೆ ಸಾಕು. ಚಳಿಗಾಲ ಹತ್ತಿರ ಬಂದ ಹಾಗೆ ಬೇಗ ಮುಚ್ಚುತ್ತಾರೆ, ಮಧ್ಯಾಹ್ನಕ್ಕೆ ಮೊದಲೇ ಹೊರಡಿ.

ಟ್ರಾಮ್ ಮೂರು

ಅಪ್ಪನ ಪಟ್ಟಿಯಲ್ಲಿ ಓಸ್ತಿಯಾ ಇಲ್ಲ! ಸೇರಿಸಿದೆ ಅಂತ ಹೇಳಿದ್ದಕ್ಕೆ ಖುಷಿಯಾಗಿ ಅವರೂ ಇನ್ನೆರಡು ಸೇರಿಸಿದ್ದಾರೆ. ಮತ್ತೊಂದು ಕೇಳಿದ್ರು, ‘ಅಲ್ಲಿ ನೆಲದ ಮೇಲೆ ಬಿದ್ದಿರೋ ಹಳೇ ಮಡಕೆ ಚೂರು ಒಂದು ತರಬಹುದಾ, ಶೋಕೇಸಿಗೆ’ ಅಂತ.

ಕಲ್ಲುಮಣ್ಣು

ಬೇಡ. ದಯವಿಟ್ಟು ಬೇಡ. ಇಟಲಿಯಲ್ಲಿ ನೆಲದೊಳಗೆ ಸಿಕ್ಕ ಪುರಾತನ ವಸ್ತು ಸರ್ಕಾರದ್ದು. ನಿಮ್ಮ ಬಚ್ಚಲು ರಿಪೇರಿ ಮಾಡಿಸುವಾಗ ಸಿಕ್ಕಿದ್ರೂ 24 ಗಂಟೆಯೊಳಗೆ ತಿಳಿಸಬೇಕು, 2004ರ ಕಾನೂನಲ್ಲಿ ಇದೆ. ಚೂರು ಜೇಬಿಗೆ ಹಾಕೋದು ಕಳ್ಳತನವೇ. ಕಾನೂನು ಬಿಡಿ, ಆ ಚೂರಿನ ಬೆಲೆ ಇರೋದು ಅದು ಬಿದ್ದ ಜಾಗದಲ್ಲಿ. ಯಾವ ಪದರದಲ್ಲಿ, ಯಾವುದರ ಪಕ್ಕ ಇತ್ತು ಅನ್ನೋದು ಹೋದ್ರೆ ಶೋಕೇಸಲ್ಲಿ ಅದು ಬರೀ ಹೆಂಚಿನ ಚೂರು.

ಮಡಕೆ ಚೂರೇ ನೋಡಬೇಕಾದ್ರೆ ಅಕ್ಕನ ಮನೆ ಹತ್ತಿರ ಕರ್ಕೊಂಡು ಹೋಗಿ. ಮೊಂತೆ ತೆಸ್ತಾಚ್ಚೊ ಅನ್ನೋ ಗುಡ್ಡ ಇಡೀ ಮಡಕೆ ಚೂರಿನದ್ದೇ. 35 ಮೀಟರ್ ಎತ್ತರ, ಸುತ್ತಳತೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಹೆಚ್ಚಿನವು ಸ್ಪೇನಿನಿಂದ ಆಲಿವ್ ಎಣ್ಣೆ ತುಂಬಿ ಬಂದ ಭರಣಿಗಳು. ಎಣ್ಣೆ ಜೇಡಿಮಣ್ಣಿಗೆ ಇಳಿದು ಕಮಟು ಹಿಡಿಯೋದು, ಮತ್ತೆ ಬಳಸೋಕೆ ಬರ್ತಿರಲಿಲ್ಲ. ಹಾಗಂತ ಎಲ್ಲೆಂದರಲ್ಲಿ ಬಿಸಾಕಲಿಲ್ಲ, ಸಾಲು ಸಾಲಾಗಿ ಜೋಡಿಸಿ, ವಾಸನೆ ತಡೆಯೋಕೆ ಸುಣ್ಣ ಎರಚಿದ್ದಾರೆ. ಎಷ್ಟೋ ಭರಣಿಗಳ ಮೇಲೆ ತೂಕ, ವ್ಯಾಪಾರಿಯ ಹೆಸರು, ಸುಂಕದ ಲೆಕ್ಕ ಇನ್ನೂ ಓದಬಹುದು. 1872ರಿಂದ ಡ್ರೆಸ್ಸೆಲ್ ಅನ್ನೋ ಜರ್ಮನ್ ವಿದ್ವಾಂಸ ಕೂತು ಓದಿದ. ಕಸದ ತಿಪ್ಪೆಯೇ ಕಡತದ ಕೋಣೆ.

ಮೇಲೆ ಹತ್ತೋಕೆ ಮೊದಲೇ ಬುಕ್ ಮಾಡಬೇಕು. ಬುಡದಲ್ಲಿರೋ ಕೆಲವು ಹೋಟೆಲುಗಳ ಹಿಂದಿನ ಗೋಡೆ ಗಾಜಿನದು, ಅದರಾಚೆ ಚೂರಿನ ಪದರ ಕಾಣತ್ತೆ.

ಟೆಸ್ಟಾಚ್ಚೊ ಅಕ್ಕ

ಮನೆಗೇ ಕರ್ಕೊಂಡು ಬಾ. ನಮ್ಮ ಅಡುಗೆಮನೆ ಕಿಟಕಿಯಿಂದ ಗುಡ್ಡದ ತುದಿ ಕಾಣತ್ತೆ. ಊಟ ಇಲ್ಲೇ.

ಉದ್ದಗೋಡೆ

ಅಕ್ಕಾರ, ನಾವೂ ಬರೋದೇನ್ರಿ?

ಟ್ರಾಮ್ ಮೂರು (ಐದು ವಾರದ ಮೇಲೆ)

ನಿನ್ನೆ ಅಪ್ಪ ಅಮ್ಮನನ್ನ ಫ್ಯುಮಿಚಿನೊ ಏರ್‌ಪೋರ್ಟಲ್ಲಿ ಬೀಳ್ಕೊಟ್ಟು ಬಂದೆ. ವರದಿ ಒಪ್ಪಿಸ್ತೀನಿ.

ಕೊಲೋಸಿಯಂ: ಹೆಸರು ತಾಳೆಯಾಯ್ತು, ಬೂದಿಬೆಕ್ಕಿಗೆ ನಮಸ್ಕಾರ. ಲಿಫ್ಟ್ ಸಿಕ್ತು. ಮೇಲೆ ಬಂದ ಮೇಲೆ ನಾನು ಭಾರೀ ಗೊತ್ತಿರೋನ ಹಾಗೆ ‘ಈ ಕಡೆ ಬನ್ನಿ’ ಅಂತ ಕರ್ಕೊಂಡು ಹೋದೆ, ಅದು ಹೊರಗೆ ಹೋಗೋ ದಾರಿ. ಕಾವಲಿನವಳು ವಾಪಸ್ ಕಳಿಸಿದಳು. ಅಪ್ಪ ಗೋಡೆಯ ತೂತು ಎಣಿಸ್ತಾ ಮುಂದೆ ಹೋಗಿದ್ರು. ಅಮ್ಮ ನನ್ನ ತೋಳು ಹಿಡ್ಕೊಂಡು ಮೆಲ್ಲಗೆ, ‘ನೀನೂ ಇವತ್ತೇ ಮೊದಲು ಬರ್ತಿರೋದು, ಅಲ್ವಾ?’ ಅಂದ್ರು. ಹೂಂ ಅಂದೆ. ‘ಅಪ್ಪನಿಗೆ ಹೇಳಬೇಡ, ಹಳೇ ಆಫೀಸಿನವರಿಗೆಲ್ಲ ಮಗ ಗೈಡಿನ ಹಾಗೆ ತೋರಿಸ್ತಾನೆ ಅಂತ ಹೇಳಿ ಬಂದಿದ್ದಾರೆ’ ಅಂದ್ರು.

ಓಸ್ತಿಯಾದಲ್ಲಿ ಅಮ್ಮ ಥಿಯೇಟರಿನವರೆಗೆ ಅಂದಿದ್ದು ಗಿರಣಿವರೆಗೂ ನಡೆದ್ರು. ಬೀಸುಕಲ್ಲಿನ ತೂತಿಗೆ ಕೈ ತೋರಿಸಿ ಕಾಳು ಎಲ್ಲಿಂದ ಹಾಕ್ತಿದ್ರು, ಹಿಟ್ಟು ಎಲ್ಲಿ ಬೀಳ್ತಿತ್ತು ಅಂತ ಅಮ್ಮನೇ ನಮಗೆ ಹೇಳಿದ್ರು. ಪಕ್ಕದಲ್ಲಿದ್ದ ಇಟಾಲಿಯನ್ ಅಜ್ಜಿಯೊಬ್ಬರು ಕೈಸನ್ನೆಯಲ್ಲೇ ಹೌದು ಹೌದು ಅಂದ್ರು. ಇಬ್ಬರೂ ಸ್ವಲ್ಪ ಹೊತ್ತು ಅವರವರ ಭಾಷೆಯಲ್ಲೇ ಮಾತಾಡ್ಕೊಂಡ್ರು.

ರೊಟ್ಟಿಯವನ ಸಮಾಧಿ ದಿನಾ ನೋಡಿದ್ವಿ, ಮನೆ ಮುಂದೇ ಅಲ್ವಾ. ಜರಡಿ ಅಮ್ಮನ ಕಣ್ಣಿಗೆ ಎರಡನೇ ದಿನವೇ ಬಿತ್ತು.

ಅಪ್ಪನ ಪಟ್ಟಿಯಲ್ಲಿ 31 ಇತ್ತು, ಆಗಿದ್ದು 14. ಪಟ್ಟಿಯನ್ನ ಫ್ರಿಜ್ ಮೇಲೆ ಅಂಟಿಸಿ ಹೋಗಿದ್ದಾರೆ. ಉಳಿದದ್ದರ ಪಕ್ಕ ನನ್ನ ಹೆಸರು ಬರೆದಿದ್ದಾರೆ.

ಕಡಲಕರೆ

ಪಾಯಿಖಾನೆ ನೋಡಿದ್ರಾ ಇಲ್ವಾ, ಅದು ಹೇಳಿ.

ಟ್ರಾಮ್ ಮೂರು

ನೋಡಿದ್ವಿ. ಅಪ್ಪ ಕೂತು ಫೋಟೋ ತೆಗೆಸ್ಕೋತೀನಿ ಅಂದ್ರು, ಅಮ್ಮ ಬಿಡಲಿಲ್ಲ.

ಬೂದಿಬೆಕ್ಕು

ಪಟ್ಟಿಯಲ್ಲಿ ಆಪ್ಪಿಯಾ ರಸ್ತೆ, ರೋಮನ್ನರ ಹಳೇ ಹೆದ್ದಾರಿ, ಉಳ್ಕೊಂಡಿದೆಯಾ? ಭಾನುವಾರ 118ನೇ ಬಸ್ಸಲ್ಲಿ ಹೋಗೋಣ ಅಂತಿದ್ದೀನಿ. ಒಬ್ಬನೇ ಹೋಗೋಕೆ ಬೇಜಾರು. ಯಾರಿಗೂ ಹೇಳಬೇಡಿ.

ಟ್ರಾಮ್ ಮೂರು

19ನೇ ನಂಬರ್, ಉಳಿದಿದೆ. ಒಂಬತ್ತಕ್ಕೆ ಚಿರ್ಕೊ ಮಾಸ್ಸಿಮೊ ಸ್ಟಾಪಲ್ಲಿ ಇರ್ತೀನಿ.

ಟೆಸ್ಟಾಚ್ಚೊ ಅಕ್ಕ

ಬಾಟಲಿ ತಗೊಂಡು ಹೋಗಿ, ದಾರಿಯಲ್ಲಿ ನಲ್ಲಿ ಸಿಕ್ಕಲ್ಲೆಲ್ಲ ತುಂಬಿಸ್ಕೊಳ್ಳಿ. ಮತ್ತೆ ಬೆಕ್ಕೇ, ಈಗ ಎಲ್ಲರಿಗೂ ಗೊತ್ತಾಯ್ತು.